ಪ್ರೇಮಾನಂದನ ಎಡಗಣ್ಣು

ಕೋಡಿ ಕಡಲತೀರದ ಕೂಲ್‌ಡ್ರಿಂಕ್ಸ್ ಅಂಗಡಿಯಲ್ಲಿ ಪ್ರೇಮಾನಂದ ಮುಖ ಮೇಲೆತ್ತಿ ಕೂತಿದ್ದ. ಅಂಗಡಿಯ ಶರ್ಮಿಳಾ ಅವನ ಗಲ್ಲ ಹಿಡಿದು ಬಗ್ಗಿದ್ದಳು. ದೂರದಿಂದ ಕಂಡ ಸುಗುಣಳಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇರುತ್ತದೆಯೇ? ಬರುವ ತಿಂಗಳು ತನಗೆ ತಾಳಿ ಕಟ್ಟಬೇಕಾದ ಗಂಡು, ಚಿಕ್ಕಂದಿನಿಂದ ಜೊತೆಗೆ ಆಡಿದವನು!

ಒಂದು ದಿನದ ಮಾತಾಗಿದ್ದರೆ ಬಿಡಬಹುದಿತ್ತು. ಮೀನಿನ ಬೋಟಿಗೆ ಹೋಗುವುದನ್ನು ಬಿಟ್ಟವನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಲ್ಲಿಗೇ. ಮುಂಬೈ ಸೇಟಿನ ಹಾಗೆ ಕಪ್ಪು ಕನ್ನಡಕ ಬೇರೆ. ಸುಗುಣ ಎದುರಾದರೆ ಮಾತ್ರ ಮುಖ ಆ ಕಡೆ.

"ಹ್ವಾಯ್!" ಸುಗುಣ ಮೀನಿನ ಬುಟ್ಟಿಯನ್ನು ಅಂಗಡಿಯೆದುರೇ ಕುಕ್ಕಿದಳು. "ಎಂತ ಇದ್ ನಿಮ್ದ್ ನಾಟ್ಕ?"

ಪ್ರೇಮಾನಂದ ದಡಬಡಿಸಿ ಎದ್ದ. ಶರ್ಮಿಳಾಳ ಕೈಯಲ್ಲಿ ಪುಟ್ಟ ಬಾಟಲಿಯಿತ್ತು.

"ಗಂಡ್ ನಿಂದೇ ಮಾರಾಯ್ತಿ, ಕರ್ಕಂಡ್ ಹೋಗ್," ಎಂದಳು ಶರ್ಮಿಳಾ. "ಈ ಮದ್ದ್ ಮಾತ್ರ ಫ್ರಿಜ್ಜಂಗೇ ಇರ್ಕ್ ಅಂಬ್ರ್. ಇವ್ನ ಮನ್ಯಂಗೆ ಫ್ರಿಜ್ಜಿಲ್ಲೆ."

ಅವನ ಎಡಗಣ್ಣಿನ ಬಿಳಿಯಲ್ಲಿ ಕೆಂಪು ನರ ಹರಿದ ಸಣ್ಣ ಗಂಟೊಂದು ಕಂಡಿತು.

"ಬಿಸ್ಲಿಗೆ ಬೆಳೂ ಮಾಂಸ ಅಂದ್ಕಂಡಿದ್ದೆ," ಎಂದ ಪ್ರೇಮಾನಂದ. "ಮಂಗ್ಳೂರಂಗೆ ಡಾಕ್ಟ್ರ್ ತುಂಡ್ ತೆಗ್ದ್ ಕಂಡ್ರ್. ಕ್ಯಾನ್ಸರ್ ಅಂಬ್ರ್. ಅಪರೂಪದ್ದಂಬ್ರ್. ಮೇಲ್ಮೇಲೇ ಇತ್ತ್, ಡ್ರಾಪ್ಸಿಗೇ ಕರಗಿದ್ರೂ ಕರಗತ್ತ್. ಇಲ್ದಿದ್ರೆ ಆಪ್ರೇಶನ್."

"ನಂಗ್ ಎಂತಕ್ ಹೇಳ್ಲಿಲ್ಲೆ?"

"ಕ್ಯಾನ್ಸರ್ ಅಂದ್ರೆ ನಿನ್ನ ಅಪ್ಪಯ್ಯ ಮದಿ ಬ್ಯಾಡ ಅಂದ್ರೆ? ನೀನೂ ಹೌದಂದ್ರೆ?"

ಸುಗುಣ ಬಗ್ಗಿ ಆ ಗಂಟನ್ನೇ ನೋಡಿದಳು. ಆದರೂ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಆರುತ್ತದೆಯೇ? ಇಷ್ಟು ದೊಡ್ಡ ಸಂಕಟ ತನಗಿಂತ ಮೊದಲು ಶರ್ಮಿಳಾಳಿಗೆ ಗೊತ್ತಾಯಿತಲ್ಲ, ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

"ನಿನ್ನ ಹೆದ್ರ್ಕೆ ಅವ್ಳತ್ರ ಹೇಳೂಕಾತ್ತ್, ನನ್ನತ್ರ ಹೇಳೂಕಾತಿಲ್ಯಾ?" ಅವಳಿಗೆ ಅಳು ಬಂತು. "ನಾನ್ ಎಂತ ಬರೀ ಚಂದದ ಕಣ್ಣಿಗ್ ಒಪ್ಪಿದ್ದಾ?"

ಅವಳು ಕೈಯನ್ನು ಸೋಪು ಹಾಕಿ ತೊಳೆದು ಬಂದು ಬಾಟಲಿ ಕಸಿದುಕೊಂಡಳು. ಅವನ ಗಲ್ಲ ಹಿಡಿದು ಮೇಲೆತ್ತಿದಳು.

"ಮೇಲೆ ಕಾಣ್."

ಅವನು ಅವಳನ್ನೇ ನೋಡಿದ.

"ಮೇಲೆ ಕಾಣ್ ಅಂದೆ ಅಲ್ದಾ!"

"ಇಷ್ಟ್ ದಿನ ಮುಖ ತಪ್ಸ್ಕಂಡ್ ತಿರ್ಗಿದ್ದೆ. ಒಂದ್ ಗಳ್ಗಿ ನಿನ್ನ ಕಾಂತೆ ಬಿಡ್."

ಸುಗುಣಳ ಕೆನ್ನೆ ಕೆಂಪಾಯಿತು. ಮದ್ದಿನ ಹನಿ ಕಣ್ಣಿಗೆ ಬಿತ್ತು. ಅವನು ಕಣ್ಣು ಮುಚ್ಚಿ ಅವಳ ಕೈ ಹುಡುಕಿ ಹಿಡಿದುಕೊಂಡ.

"ಅಪ್ಪಯ್ಯನತ್ರ ನಾನೇ ಹೇಳ್ತೆ," ಎಂದಳು. "ಮದಿ ಅದೇ ತಾರೀಕಿಗೆ."

ಆಮೇಲೆ ಶರ್ಮಿಳಾಳ ಕಡೆ ತಿರುಗಿದಳು.

"ಮದ್ದ್ ಇಲ್ಲೇ ಇರ್ಲಿ, ಹಾಕುಕೆ ನಾನೇ ಬತ್ತೆ. ಫ್ರಿಜ್ಜ್ ನಿಂದ್, ಕಣ್ಣ್ ನಂದ್."