ಐದನೇ ತಿರುವಿನಲ್ಲಿ ಎತ್ತಿದ ಕೈ

ಐದನೇ ತಿರುವಿನಲ್ಲಿ ಆ ಬಿಳಿ ಆಲ್ಟೊ ಕಾರು ಮೂತಿ ತೋರಿಸಿದ್ದೇ ತಡ, ಶೈಲೇಶನ ಬಲಗೈ ತನ್ನಷ್ಟಕ್ಕೆ ಮೇಲೆ ಹೋಯಿತು.

ಅವನು ಎತ್ತಿದ್ದಲ್ಲ, ಕೈಯೇ ಎದ್ದದ್ದು. ಬೇಕಾದರೆ ಯಾವ ದೈವದ ಎದುರು ನಿಲ್ಲಿಸಿ ಕೇಳಿದರೂ ಅವನು ಹಾಗೆಯೇ ಹೇಳಿಯಾನು.

ಕಾರು ಕೀಚೆಂದು ನಿಂತಿತು. ಅಳತೆ ಹಿಡಿದು ನಿಲ್ಲಿಸಿದ ಹಾಗೆ, ಎಡಬದಿಯ ಬಾಗಿಲು ಸರಿಯಾಗಿ ಅವನ ಹೊಟ್ಟೆಯ ಎದುರಿಗೆ! ಒಳಗೆ ಕುಂಬಳಕಾಯಿಯಷ್ಟು ದೊಡ್ಡ ಹೆಲ್ಮೆಟ್ ಹಾಕಿ ಕೂತಿದ್ದ ದೀಕ್ಷಿತಾ ಬಾಗಿಲು ತೆಗೆಯಲಿಕ್ಕೆಂದು ಎಡಗೈ ಚಾಚಿದಳು. ಸೀಟ್ ಬೆಲ್ಟು ಅವಳನ್ನು ಹಿಡಿದೆಳೆಯಿತು. ಆಗ ಅವಳಿಗೆ ಎಚ್ಚರವಾಯಿತು. ಇವನಿಗೂ ಆಯಿತು.

ಹೆಲ್ಮೆಟ್ಟಿನ ಒಳಗಿನಿಂದ ಎರಡು ಕಣ್ಣು ಅವನನ್ನು ನೋಡಿದವು. ಎಂಥ ಕಣ್ಣುಗಳು ಅವು! ಬೇರೆ ದಿನವಾದರೆ ಅವನು ಆ ಕಣ್ಣಿನ ಹೆಸರಿನಲ್ಲಿ ವಾರಗಟ್ಟಲೆ ಊಟ ಬಿಡುತ್ತಿದ್ದ. ಇವತ್ತು ಅವುಗಳಲ್ಲಿ ಇದ್ದದ್ದು ಒಂದೇ ಮಾತು: ಅಯ್ಯೋ.

ಕಾರು ಮತ್ತೆ ಗುರುಗುಟ್ಟಿ ಮೇಲೆ ಹೋಯಿತು. ಆದರೆ ಗಡಿಯಾರ ಯಾರಿಗೂ ಕಾಯುವುದಿಲ್ಲ.

ಅದು ರೇಸು ಮಾರಾಯ್ರೆ. ಕಡಬದಿಂದ ಸ್ವಲ್ಪ ಒಳಗೆ ಒಂದು ರಬ್ಬರ್ ಎಸ್ಟೇಟು, ಅದರ ಖಾಸಗಿ ರಸ್ತೆ. ಗುಡ್ಡೆಯ ಬುಡದಿಂದ ನೆತ್ತಿಯವರೆಗೆ ಒಂದೊಂದೇ ಕಾರನ್ನು ಬಿಡುವುದು, ಯಾರು ಬೇಗ ಹತ್ತುತ್ತಾರೋ ಅವರು ಗೆದ್ದ ಹಾಗೆ. ಅದಕ್ಕೆ ಹಿಲ್ ಕ್ಲೈಂಬ್ ಎನ್ನುತ್ತಾರೆ. ಎದುರಿಗೆ ಬಸ್ಸು ಬರುವುದಿಲ್ಲ, ಅಡ್ಡ ದನ ಬರುವುದಿಲ್ಲ. ನಿಲ್ಲಿಸಲಿಕ್ಕೆ ಭೂಮಿಯ ಮೇಲೆ ಒಂದೇ ಒಂದು ಕಾರಣ ಇರುವುದಿಲ್ಲ. ತಿರುವು ತಿರುವಿಗೆ ಬಾವುಟ ಹಿಡಿದು ನಿಂತ ಮಾರ್ಷಲ್ ಕೆಂಪು ತೋರಿಸಿದರೆ ಮಾತ್ರ ನಿಲ್ಲಬೇಕು. ಶೈಲೇಶ ಆ ದಿನದ ಐದನೇ ತಿರುವಿನ ಮಾರ್ಷಲ್. ಕೆಂಪು ಬಾವುಟ ಅವನ ಕಂಕುಳಲ್ಲಿ ಮಡಚಿಕೊಂಡೇ ಇತ್ತು.

ಎದುರು ದಿಬ್ಬದಲ್ಲಿ ಕೂತು ನೋಡುತ್ತಿದ್ದವರಿಗೆ ಕಂಡದ್ದು ಕಾರು ಮಾತ್ರ. ಶೈಲೇಶ ರಸ್ತೆ ಬದಿಯ ಮಣ್ಣಿನ ದರೆಯ ಮರೆಯಲ್ಲಿದ್ದ. ಮೈಕ್ ಹಿಡಿದು ರೇಸಿನ ವಿವರ ಹೇಳುತ್ತಿದ್ದ ಮುಸ್ತಫಾನಿಗಂತೂ ಹಬ್ಬ. ಬಸ್ಸಿನ ಕಂಡಕ್ಟರನ ಹಾಗೆ ಕೂಗಿದ.

"ಓಹೋಹೋ! ಐದನೇ ತಿರುವಲ್ಲಿ ಸ್ಟಾಪ್ ಉಂಟಾ ಮಾರಾಯ್ರೆ? ಆಲಂಕಾರು, ರಾಮಕುಂಜ, ಉಪ್ಪಿನಂಗಡಿ! ಹತ್ತಿ ಹತ್ತಿ, ಸೀಟ್ ಖಾಲಿ ಉಂಟು!"

ಗುಡ್ಡೆ ನಕ್ಕಿತು. ರಬ್ಬರ್ ಮರಗಳು ಕೂಡ ಎಲೆ ಉದುರುವಷ್ಟು ನಕ್ಕವು. ಶೈಲೇಶ ದರೆಗೆ ಒರಗಿ, ಭೂಮಿತಾಯಿ ಬಾಯಿ ತೆರೆದಾಳೆಯೇ ಎಂದು ಕಾದ. ಅವಳಿಗೆ ಬೇರೆ ಕೆಲಸವಿತ್ತು.

*

ಆ ಕೈಗೆ ಅಂಥ ಅಭ್ಯಾಸ ಯಾಕಾಯಿತೆಂದು ಹೇಳಬೇಕು.

ಕಡಬ ಪೇಟೆಯಲ್ಲಿ ಶೈಲೇಶನದು ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ. ದೀಕ್ಷಿತಾ ಶಾಲೆಯ ಮಕ್ಕಳ ವ್ಯಾನ್ ಓಡಿಸುವವಳು. ಶೈಲೇಶನ ಅಕ್ಕನ ಮಗಳು ಅದೇ ವ್ಯಾನಿನಲ್ಲಿ ಹೋಗುತ್ತಿದ್ದಳು. ಬೆಳಿಗ್ಗೆ ಅಂಗಡಿಯೆದುರು ಇವನು ಕೈ ಎತ್ತುವುದು, ಅವಳು ಬ್ರೇಕ್ ಒತ್ತುವುದು, ಬಾಗಿಲು ತೆಗೆಯುವುದು. ವರ್ಷಗಟ್ಟಲೆ ನಡೆದ ಪ್ರೇಮವೆಲ್ಲ ಅಷ್ಟರಲ್ಲೇ.

ಜೂನ್ ತಿಂಗಳಲ್ಲಿ ಅಕ್ಕನ ಮಗಳು ಸುಳ್ಯದ ಹಾಸ್ಟೆಲಿಗೆ ಹೋದಳು. ಕೈ ಹೋಗಲಿಲ್ಲ. ಅದು ದಿನವೂ ಎದ್ದಿತು, ವ್ಯಾನ್ ದಿನವೂ ನಿಂತಿತು. ನಿಂತ ಮೇಲೆ ಏನಾದರೂ ಹೇಳಬೇಕಲ್ಲ?

"ಇವತ್ತು ಮಳೆ ಬರಬಹುದಾ?" ಎಂದು ಇವನು ಕೇಳುತ್ತಿದ್ದ, ಮಳೆಯಲ್ಲಿ ಕೊಡೆ ಹಿಡಿದು ನಿಂತುಕೊಂಡೇ.

"ನೋಡುವ ಶೈಲೇಶಣ್ಣ, ಸಂಜೆ ಹೇಳ್ತೇನೆ," ಎಂದು ಅವಳು ತುಟಿ ಕಚ್ಚಿ ಗೇರ್ ಹಾಕುತ್ತಿದ್ದಳು.

ಆ 'ಅಣ್ಣ' ಇದೆಯಲ್ಲ, ಅದು ಅವನ ಎದೆಗೆ ದಿನವೂ ಸೀಟು ಹೊಲಿಯುವ ದಬ್ಬಣದ ಹಾಗೆ ಚುಚ್ಚುತ್ತಿತ್ತು.

ಒಂದು ದಿನ ಅವಳು ಮಾವನ ಹಳೆ ಆಲ್ಟೊ ತಂದು ಅಂಗಡಿಯೆದುರು ನಿಲ್ಲಿಸಿದಳು.

"ಇದರದ್ದು ಸೀಟ್ ಕವರ್, ಮ್ಯಾಟ್, ಮ್ಯೂಸಿಕ್ ಬಾಕ್ಸ್ ಎಲ್ಲ ತೆಗೀರಿ. ಅಲ್ಲಾಡುದು ಎಂತದೂ ಒಳಗೆ ಇರ್ಲಿಕ್ಕಿಲ್ಲ ಅಂತೆ. ಚೆಕ್ ಮಾಡ್ತಾರೆ."

"ಯಾರು? ಪೊಲೀಸರಾ?"

"ರೇಸಿನವರು! ಹೊಸಬರಿಗೂ ಅವಕಾಶ ಉಂಟು, ಲೇಡೀಸ್ ಕ್ಲಾಸ್ ಬೇರೆ ಉಂಟು. ಹೆಲ್ಮೆಟ್ ಬೇಕು, ತುಂಬು ತೋಳಿನ ಕಾಟನ್ ಅಂಗಿ ಬೇಕು, ಬ್ಯಾಟರಿ ಗಟ್ಟಿ ಕಟ್ಟಿರ್ಬೇಕು. ಮತ್ತೆ ಧೈರ್ಯ. ನೀವು ಬರ್ತೀರಾ ನೋಡ್ಲಿಕ್ಕೆ?"

"ನಾನಾ? ನನಗೆ ಅಂಗಡಿ ಉಂಟು," ಎಂದ ಪೆದ್ದ.

ಅವಳ ಮುಖ ಒಂದು ಗಳಿಗೆ ಸಣ್ಣಗಾಯಿತು. ಆ ಸಣ್ಣಗಾದ ಮುಖ ಅವನನ್ನು ಎರಡು ರಾತ್ರಿ ಮಲಗಲು ಬಿಡಲಿಲ್ಲ. ಮೂರನೇ ದಿನ ಹೋಗಿ ಮಾರ್ಷಲ್ ಕೆಲಸಕ್ಕೆ ಹೆಸರು ಕೊಟ್ಟು ಬಂದ. ಅದಕ್ಕೆ ಕಾರೂ ಬೇಡ, ಧೈರ್ಯವೂ ಬೇಡ. ಬಾವುಟ ಹಿಡಿದು ಸುಮ್ಮನೆ ನಿಂತರೆ ಸಾಕು ಎಂದುಕೊಂಡಿದ್ದ. ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವೆಂದು ಪಾಪ, ಅವನಿಗೆ ಗೊತ್ತಿರಲಿಲ್ಲ.

*

ಗುಡ್ಡೆಯ ನಗು ಇಳಿಯುವ ಮೊದಲೇ ಅವನ ವಾಕಿಟಾಕಿ ಕರಕರ ಎಂದಿತು. ಮೇಲಿನಿಂದ ತಿರುಮಲೇಶ್ವರ ಸಾರ್. ರೇಸಿನ ಯಜಮಾನಿಕೆ ಅವರದ್ದೇ.

"ಐದನೇ ತಿರುವು, ಐದನೇ ತಿರುವು. ಆ ಹುಡುಗಿ ಎಂತಕ್ಕೆ ನಿಲ್ಲಿಸಿದ್ದು? ನೀವು ಸಿಗ್ನಲ್ ಎಂತಾದ್ರೂ ಕೊಟ್ಟಿದ್ದೀರಾ?"

ಶೈಲೇಶ ಲೆಕ್ಕ ಹಾಕಿದ. ಹೌದು ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಏನು ಹೇಳುವುದು? ಇಡೀ ಗುಡ್ಡೆಯ ವಾಕಿಟಾಕಿಗಳೆಲ್ಲ ಕಿವಿ ತೆರೆದು ಕೂತಿವೆ!

"ಇಲ್ಲ ಸರ್," ಎಂದ.

ಮೇಲಿನವರು ಕೈತಪ್ಪಿ ಮತ್ತೆ ಗುಂಡಿ ಒತ್ತಿದರೋ ಏನೋ, ಅವರ ಹಿಂದಿನಿಂದ ದೀಕ್ಷಿತಾಳ ಸ್ವರ ಸಣ್ಣಗೆ ಕೇಳಿತು.

"ಹೌದು ಸರ್. ಯಾರೂ ಎಂತದೂ ಮಾಡ್ಲಿಲ್ಲ. ನನ್ನದೇ ತಪ್ಪು."

ಶೈಲೇಶನಿಗೆ ಆದ ನಾಚಿಕೆ ಸಾಮಾನ್ಯದ್ದಲ್ಲ. ಅವನ ಮುಖ ಕೆಂಪಾದದ್ದನ್ನು ಕಂಡಿದ್ದರೆ ಕುಮಾರಧಾರೆಯ ಆಚೆ ದಡದವರು ಸಂಜೆಯಾಯಿತೆಂದು ದೀಪ ಹಚ್ಚಬೇಕಿತ್ತು. ಅವಳು ಅವನ ಸುಳ್ಳನ್ನು ಕೇಳಿದ್ದಳು. ಕೇಳಿಯೂ ಅದಕ್ಕೊಂದು ಹೊದಿಕೆ ಹೊದಿಸಿದ್ದಳು.

ರೇಸು ನಡೆಯುವಾಗ ಮಾರ್ಷಲ್ ಜಾಗ ಬಿಡುವಂತಿಲ್ಲ. ಉಳಿದ ಕಾರುಗಳೆಲ್ಲ ಒಂದೊಂದಾಗಿ ಅವನೆದುರು ಹಾದು ಹೋದವು. ಪ್ರತಿಯೊಂದೂ ಅವನ ಮುಖಕ್ಕೆ ಧೂಳು ಎರಚಿ ಹೋಯಿತು. ಒರೆಸಿಕೊಳ್ಳಲಿಲ್ಲ. ತನಗೆ ಇಷ್ಟಾದರೂ ಆಗಬೇಕು ಎಂದು ನಿಂತ.

*

ಊಟದ ಹೊತ್ತಿಗೆ ಎಲ್ಲರೂ ಮೇಲಿನ ಶೆಡ್ಡಿಗೆ ಬಂದರು. ಪಲಾವಿನ ಕಡೆಗಿಂತ ಮೊಬೈಲಿನ ಕಡೆಗೇ ಜನ ಜಾಸ್ತಿ. ಕಾರು ನಿಂತ ವಿಡಿಯೋ ಆಗಲೇ ಪುತ್ತೂರು ದಾಟಿ ಸುಳ್ಯ ಮುಟ್ಟಿ ತಿರುಗಿ ಬಂದಿತ್ತು.

"ಅದಕ್ಕೇ ಹೇಳುದು, ಶಾಲೆ ವ್ಯಾನ್ ಬೇರೆ, ರೇಸ್ ಬೇರೆ," ಎಂದ ಒಬ್ಬ, ಅವಳಿಗೆ ಕೇಳುವ ಹಾಗೆ.

ದೀಕ್ಷಿತಾ ಆಲ್ಟೊದ ಬಾನೆಟ್ಟಿಗೆ ಒರಗಿ ನಿಂತಿದ್ದಳು. ತಟ್ಟೆಯ ಅನ್ನ ಹಾಗೇ ಇತ್ತು. ಹೊಸಬರಿಗೆ ಇದ್ದದ್ದು ಒಂದೇ ಓಟ. ಊಟದ ನಂತರ ಟೈಮಿಂಗಿನ ಪಟ್ಟಿ ಹಾಕುತ್ತಾರೆ, ಹಾಕಿದ ಮೇಲೆ ಯಾರೂ ಏನೂ ಕೇಳುವಂತಿಲ್ಲ.

ಶೈಲೇಶ ಅವಳ ಹತ್ತಿರ ಹೋದ. ಹೋದನೆನ್ನುವುದಕ್ಕಿಂತ ಅವನ ಕಾಲುಗಳು ಅವನನ್ನು ಹೊತ್ತುಕೊಂಡು ಹೋದವು ಎನ್ನಬೇಕು.

"ದೀಕ್ಷಿತಾ... ಊಟ ಮಾಡ್ಲಿಲ್ಲವಾ?"

"ಮಳೆ ಬರಬಹುದಾ ಅಂತ ಕೇಳಿ. ಅದೊಂದು ಬಾಕಿ."

ಅವನು ತಲೆ ತಗ್ಗಿಸಿದ. ಅವಳು ತಟ್ಟೆಯಿಂದ ಒಂದು ಬಟಾಣಿ ಹೆಕ್ಕಿ ದೂರ ಎಸೆದಳು.

"ನೀವು ಕೈ ಎತ್ಲಿಲ್ಲವಂತಲ್ಲ. ನನಗೇ ಮಂಡೆ ಸರಿ ಇಲ್ಲವೇನೋ. ಇಲ್ಲದ ಕೈ ಕಾಣ್ತದೆ."

"ಎತ್ತಿದೆ," ಎಂದ ಕೇಳದಷ್ಟು ಸಣ್ಣ ಸ್ವರದಲ್ಲಿ. "ತಪ್ಪಾಯ್ತು."

"ಎತ್ತಿದ್ದಕ್ಕೆ ನನಗೆ ಬೇಸರ ಇಲ್ಲ ಶೈಲೇಶ್. ಎತ್ಲಿಲ್ಲ ಅಂತ ಹೇಳಿದ್ರಲ್ಲ, ಅದಕ್ಕೆ. ಇಷ್ಟು ಜನ ನಗಾಡಿದ್ದು ನನಗೆ ತಾಗ್ಲಿಲ್ಲ. ನಿಮ್ಮ ಒಂದು 'ಇಲ್ಲ ಸರ್' ತಾಗಿತು."

'ಅಣ್ಣ' ಬಿದ್ದುಹೋಗಿತ್ತು! ಇಷ್ಟು ವರ್ಷ ಯಾವ ಮಾತು ಬೀಳಲೆಂದು ಅವನು ಕಂಡ ದೇವರಿಗೆಲ್ಲ ಹರಕೆ ಹೇಳಿದ್ದನೋ ಅದು ಬಿದ್ದದ್ದು ಇಂಥ ಹೊತ್ತಿನಲ್ಲಿ. ಸಂತೋಷಪಡಲಿಕ್ಕೂ ಮುಖವಿಲ್ಲ.

"ಅವರ ಹತ್ರ ನೀವು ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ.

"ಹೇಳಿದ್ರೆ 'ಅವ ಕೈ ಎತ್ತಿದ್ರೆ ನಿನಗೆ ನಿಲ್ಲಿಸುದು ಎಂತಕ್ಕೆ' ಅಂತ ಕೇಳುದಿಲ್ಲವಾ?" ಎಂದವಳೇ ಮುಖ ಆಚೆ ತಿರುಗಿಸಿದಳು. ಕಿವಿಯ ತುದಿ ದಾಸವಾಳವಾಗಿತ್ತು. "ಹೋಗಿ. ನಿಮ್ಮ ಪಲಾವ್ ತಣಿತದೆ."

ಆ ಕಿವಿಯ ತುದಿಯನ್ನು ನೋಡಿದ ಮೇಲೂ ಸುಮ್ಮನಿದ್ದರೆ ಅವನನ್ನು ಮನುಷ್ಯನೆಂದು ಲೆಕ್ಕ ಹಾಕಬಾರದಿತ್ತು. ಶೈಲೇಶ ತಿರುಗಿ ನಡೆದ. ಶೆಡ್ಡಿನ ಆ ತುದಿಯಲ್ಲಿ ತಿರುಮಲೇಶ್ವರ ಸಾರ್ ಊಟ ಮಾಡುತ್ತಿದ್ದರು. ನಡುವೆ ನಾಲ್ಕು ಬೆಂಚು. ಅವನಿಗೆ ಅದು ಶಿರಾಡಿ ಘಾಟಿಯಷ್ಟು ಉದ್ದವಾಯಿತು.

"ಸರ್, ನಾನು ಐದನೇ ತಿರುವು."

"ನೀವು ತಿರುವಲ್ಲ ಮಾರಾಯ, ಮಾರ್ಷಲ್. ಹೇಳಿ."

"ಆ ಆಲ್ಟೊ ನಿಂತದ್ದು ನನ್ನಿಂದ. ನಾನು ಕೈ ಎತ್ತಿದೆ. ಆಮೇಲೆ ಇಲ್ಲ ಅಂತ ನಿಮಗೆ ಸುಳ್ಳು ಹೇಳಿದೆ."

ಶೆಡ್ಡಿನ ಚಮಚಗಳೆಲ್ಲ ನಿಂತವು. ಪಕ್ಕದಲ್ಲಿದ್ದ ಮುಸ್ತಫಾ ಮೆಲ್ಲ ಮೈಕಿನ ಗುಂಡಿ ಒತ್ತಿ ಅದನ್ನು ಇವನ ಗಲ್ಲದ ಹತ್ತಿರ ಹಿಡಿದ. ಅವನಿಗೆ ದೇವರು ಒಳ್ಳೆಯದು ಮಾಡಲಿ.

"ಎಂತಕ್ಕೆ ಎತ್ತಿದ್ದು? ರಸ್ತೆಯಲ್ಲಿ ಎಂತ ಇತ್ತು?"

"ಎಂತದೂ ಇರ್ಲಿಲ್ಲ ಸರ್. ಅವಳು ಬಂದ್ಲು." ಮಾತು ಗುಡ್ಡೆಯ ಸ್ಪೀಕರುಗಳಲ್ಲೆಲ್ಲ ಮೊಳಗಿತು. ಅವನಿಗೆ ಗೊತ್ತಾಯಿತು. ಆದರೂ ನಿಲ್ಲಿಸಲಿಲ್ಲ. "ಅವಳ ಗಾಡಿ ಕಂಡ್ರೆ ನನ್ನ ಕೈ ಏಳ್ತದೆ ಸರ್. ಬೆಳಿಗ್ಗೆ ಬೆಳಿಗ್ಗೆ ವ್ಯಾನ್ ನಿಲ್ಲಿಸ್ತೇನೆ. ಹತ್ತಲಿಕ್ಕೆ ನಮ್ಮ ಮನೆಯ ಮಕ್ಕಳು ಯಾರೂ ಇಲ್ಲ ಈಗ. ಸುಮ್ಮನೆ ನಿಲ್ಲಿಸುದು. ಒಂದು ಸಲ ನೋಡ್ಲಿಕ್ಕೆ."

ಮುಸ್ತಫಾ ತಾನಾಗಿಯೇ ಮೈಕ್ ಆರಿಸಿದ. ಅದೊಂದು ದಾಖಲೆಯೇ ಸರಿ.

ತಿರುಮಲೇಶ್ವರ ಸಾರ್ ನಿಧಾನಕ್ಕೆ ಕೈ ತೊಳೆದರು. "ನಾನು ಇಷ್ಟು ರೇಸ್ ಮಾಡ್ಸಿದೆ. ಎಣ್ಣೆ ಚೆಲ್ಲಿ ನಿಂತದ್ದು ಉಂಟು, ಹೆಬ್ಬಾವು ಅಡ್ಡ ಬಂದು ನಿಂತದ್ದು ಉಂಟು. ಇದು ಪ್ರಥಮ. ಬಾವುಟವೋ ಕೈಯೋ, ಮಾರ್ಷಲ್ ಎತ್ತಿದ್ರೆ ಡ್ರೈವರ್ ನಿಲ್ಲಿಸಿದ್ದು ಸರಿ. ತಪ್ಪು ನಮ್ಮದು. ಅವಳಿಗೆ ಇನ್ನೊಂದು ರನ್ ಕೊಡಿ. ಮತ್ತೆ ನೀನು, ಆ ಕೋಟು ಬಿಚ್ಚು. ನನ್ನ ರೇಸಲ್ಲಿ ಇನ್ನು ಬಾವುಟ ಹಿಡೀಲಿಕ್ಕಿಲ್ಲ."

ಕಿತ್ತಳೆ ಬಣ್ಣದ ಮಾರ್ಷಲ್ ಕೋಟನ್ನು ಶೈಲೇಶ ಅಷ್ಟು ಜನರೆದುರು ಬಿಚ್ಚಿ ಮಡಚಿ ಕೊಟ್ಟ. ಅಂಗಿಯನ್ನೇ ಬಿಚ್ಚಿ ಕೊಟ್ಟಷ್ಟು ನಾಚಿಕೆಯಾಯಿತು. ಆದರೆ ಎದೆಯ ಮೇಲಿನ ರುಬ್ಬುವ ಕಲ್ಲು ಆ ಕೋಟಿನ ಒಟ್ಟಿಗೇ ಹೋಯಿತು.

*

ದೀಕ್ಷಿತಾಳ ಎರಡನೇ ಓಟವನ್ನು ಅವನು ನೋಡಲಿಲ್ಲ, ಕೇಳಿದ. ಕಾರು ನಿಲ್ಲಿಸುವ ಜಾಗದಲ್ಲಿ ಮರಕ್ಕೆ ಒರಗಿ, ಎರಡೂ ಕೈಯನ್ನು ಪ್ಯಾಂಟಿನ ಕಿಸೆಗೆ ತುರುಕಿ, ಕಣ್ಣು ಮುಚ್ಚಿ ಕೇಳಿದ. ಮೊದಲ ತಿರುವಿನ ಕೂಗು, ಎರಡನೆಯದರ ಗೊಣಗು. ಐದನೇ ತಿರುವಿನಲ್ಲಿ ಇಂಜಿನ್ನಿನ ಸ್ವರ ಒಂದು ಎಳೆಯೂ ಬಗ್ಗಲಿಲ್ಲ. ದಿಬ್ಬದ ಮೇಲಿನವರು ಬೊಬ್ಬೆ ಹಾಕಿದರು. ಈ ಸಲ ಅದರಲ್ಲಿ ತಮಾಷೆಯಿರಲಿಲ್ಲ.

ಲೇಡೀಸ್ ಕ್ಲಾಸಿನಲ್ಲಿ ಇದ್ದದ್ದು ನಾಲ್ಕು ಜನ. ಅವಳು ಮೂರನೆಯವಳಾದಳು. ಅದನ್ನು ಮುಸ್ತಫಾ ಮೈಕಿನಲ್ಲಿ ಹೇಳಿದ ರೀತಿಗೆ ವಿಶ್ವಕಪ್ಪೇ ಕಡಬಕ್ಕೆ ಬಂದ ಹಾಗಿತ್ತು.

ಆಲ್ಟೊ ಬಂದು ನಿಂತಿತು. ಅವಳು ಇಳಿದಳು, ಹೆಲ್ಮೆಟ್ ತೆಗೆಯದೆ. ನಕ್ಕಳೋ ಅತ್ತಳೋ, ಮುಖದ ಗಾಜಿನಲ್ಲಿ ಅವನಿಗೆ ಕಂಡದ್ದು ತನ್ನದೇ ಕೆಂಪು ಮೂತಿ. ಸುತ್ತ ಹತ್ತಿಪ್ಪತ್ತು ಜನ ತಮ್ಮ ಟಯರು ನೋಡುವ ನಾಟಕ ಮಾಡುತ್ತ ಕಿವಿ ಇತ್ತ ಕೊಟ್ಟಿದ್ದರು.

"ಸಾರ್ ಹತ್ರ ಹೇಳಿದ್ರಿ," ಎಂದಳು ಹೆಲ್ಮೆಟ್ಟಿನ ಒಳಗಿನಿಂದ. "ಮೈಕಲ್ಲಿ ಊರಿಗೆ ಹೇಳಿದ್ರಿ. ನನಗೆ ಹೇಳುದು ಯಾವಾಗ?"

ಶೈಲೇಶ ಸುತ್ತ ನೋಡಿದ. ನೆಲ ನೋಡಿದ. ಆಮೇಲೆ ಅವಳ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ. "ನನಗೆ ನೀನು ಬೇಕು ದೀಕ್ಷಿತಾ."

"ಹಾಂ? ಕೇಳುದಿಲ್ಲ. ಹೆಲ್ಮೆಟ್ ಉಂಟು."

"ನನಗೆ ನೀನು ಬೇಕು."

"ಜೋರು ಹೇಳಿ ಮಾರಾಯ್ರೆ, ಹತ್ತಿ ಉಂಟು ಇದರೊಳಗೆ!"

ಅವನು ಉಸಿರು ತುಂಬಿಕೊಂಡ. ನಾಚಿಕೆ ಪಡಲಿಕ್ಕೆ ಅವನಲ್ಲಿ ಇನ್ನೇನು ಉಳಿದಿತ್ತು?

"ನನಗೆ ನೀನು ಬೇಕು! ನೀನು ನನ್ನನ್ನು ಮದುವೆ ಆಗ್ತೀಯಾ?"

ರಬ್ಬರ್ ಮರದ ಮಂಗಗಳು ಹಾರಿ ಓಡಿದವು. ಟಯರು ನೋಡುತ್ತಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿದರು. ದೀಕ್ಷಿತಾ ಎರಡೂ ಕೈಯಲ್ಲಿ ಹೆಲ್ಮೆಟ್ ಎತ್ತಿದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಕಣ್ಣು ಒದ್ದೆಯಾಗಿತ್ತು. ತುಟಿಯ ಮೂಲೆಯಲ್ಲಿ ಮಾತ್ರ ಒಂದು ನಗು ತಡೆಯಲಾರದೆ ಒದ್ದಾಡುತ್ತಿತ್ತು.

"ಮೊದಲನೇ ಸಲವೇ ಕೇಳಿತ್ತು," ಎಂದಳು.