ಮಿನುಗುವ ಮೊಸಳೆ

ಸ್ಟೀಲ್ ಡಬ್ಬಿಯ ಮೇಲಿಟ್ಟಿದ್ದ ಮೊಬೈಲ್ ಸರಿರಾತ್ರಿಯಲ್ಲಿ ಗುರ್ರೆಂದಿತು. ಸುನಂದಾ ಬೆಚ್ಚಿಬಿದ್ದು ಅದನ್ನು ಎದೆಗೊತ್ತಿಕೊಂಡಳು. ಹಳಿಯಾಳದ ಹಾಸ್ಟೆಲ್ಲಿನ ಆ ಸಣ್ಣ ಕೋಣೆಯಲ್ಲಿ, ಪಕ್ಕದ ಮಂಚದ ಗೆಳತಿ ಇಶ್ರತ ಮಗ್ಗುಲು ಬದಲಿಸಿದಳು, ಏಳಲಿಲ್ಲ.

"ಹೊಸಾ ಫೈಲ್ ನೋಡಿದೇನ?" ಸಹಪಾಠಿ ಈರೇಶನ ದನಿ.

"ಇನ್ನೂ ಮಿನಗಾಕತ್ತೈತಿ. ನಂಗ ಅಳು ಬರಾಕತ್ತೈತಿ ನೋಡು."

"ಅಳಬ್ಯಾಡ. ನೀ ಅತ್ರ ನಂಗೂ ಸ್ಕ್ರೀನ್ ಕಾಣೂದಿಲ್ಲ."

ಬಿಸಿಎ ಕೊನೆಯ ವರ್ಷಕ್ಕೆಂದು ಇಬ್ಬರೂ ಸೇರಿ ಮಾಡಿದ ಗೇಮ್ ಅದು. ಕಾಳಿ ನದಿಯಲ್ಲೊಂದು ದೋಣಿ, ಅದರ ಬೆನ್ನು ಹತ್ತಿದ ಮೊಸಳೆ. ಆದರೆ ಮೊಸಳೆ ಒಂದು ಕ್ಷಣ ಕಂಡರೆ ಇನ್ನೊಂದು ಕ್ಷಣ ಮಾಯ. ನಾಳೆಯೂ ಹೀಗೇ ಆದರೆ ಇಬ್ಬರೂ ಫೇಲ್ ಎಂದು ಗೈಡ್ ಸರ್ ಹೇಳಿಬಿಟ್ಟಿದ್ದರು. ಅವಳು ಚಿತ್ರಗಳನ್ನು ಬದಲಿಸಿದ್ದಳು, ವೇಗ ತಗ್ಗಿಸಿದ್ದಳು, ಬೇರೆಯವರ ಲ್ಯಾಪ್‌ಟಾಪಿನಲ್ಲೂ ಹಾಕಿ ನೋಡಿದ್ದಳು. ಯಾವುದೂ ಫಲಿಸಿರಲಿಲ್ಲ.

ಈಗ ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಿಟ್ಟು, ಕೋಡಿನ ಒಂದೊಂದೇ ಸಾಲನ್ನು ಮೊದಲಿನಿಂದ ಪಿಸುದನಿಯಲ್ಲಿ ಓದತೊಡಗಿದಳು.

"ಎಷ್ಟ್ ಚಂದ ಓದ್ತಿ..."

"ಸುಮ್ಮನಿರೋ ಸಾಕು."

ಬೆರಳು ನಿಂತಿತು. ನದಿ, ದೋಣಿ ಬರೆದ ಕೂಡಲೇ, ಪರದೆಗೆ ತೋರಿಸು ಎನ್ನುವ ಅಪ್‌ಡೇಟ್ ಸಾಲು. ಮೊಸಳೆ ಬರೆದ ಮೇಲೆ ಮತ್ತೆ ಅದೇ ಸಾಲು. ಪ್ರತಿಸಲವೂ ಕಣ್ಣಿಗೆ ಮೊದಲು ಮೊಸಳೆಯಿಲ್ಲದ ನದಿಯೇ ಬೀಳುತ್ತಿತ್ತು!

ಲೈಬ್ರರಿಯ ಕಟ್ಟೆಯ ಮೇಲೆ ಕೂತು ಇದನ್ನು ಕಲಿಸಿಕೊಟ್ಟವನೇ ಈರೇಶ. "ನಾಟಕದಾಗ ಎಲ್ಲಾರೂ ಬಂದು ನಿಂತ ಮ್ಯಾಲ ಪರದೆ ಎತ್ತತಾರಲ್ಲ, ಹಂಗ. ಎಲ್ಲಾ ಬರದು ಒಂದ ಸಲ ತೋರಸ್ಬೇಕು" ಎಂದಿದ್ದ. ಈ ತಪ್ಪು ಅವನಿಂದ ಆಗುವಂಥದ್ದಲ್ಲ.

"ಈ ಮೊದಲನೇ ಅಪ್‌ಡೇಟ್ ಯಾರು ಹಾಕಿದ್ದು?"

"ನಾಳೆ ಎಷ್ಟ್ ಗಂಟೆಕ್ಕ ಹೋಗೂದು?" ಅವನು ಮಾತು ತಿರುಗಿಸಿದ.

"ಈರೇಶ!"

"ನಾನ."

"ಇಬ್ರೂ ಫೇಲ್ ಆಗ್ತಿದ್ವಲ್ಲೋ!"

"ಮುಂಜಾನೆ ತಗದಬಿಡ್ತಿದ್ದೆ, ದೇವರಾಣಿ. ಗೇಮ್ ಮುಗದ್ರ ನೀ ನಿಮ್ಮೂರು ದಾಂಡೇಲಿಗೆ ಹೋಗಿಬಿಡ್ತಿ. ಆಮ್ಯಾಲ ನನಗ್ಯಾಕ ಫೋನ್ ಮಾಡ್ತಿ? ಇನ್ನೊಂದು ದಿನ, ಇನ್ನೊಂದು ದಿನ ಅಂತ..."

ಅವಳು ಚಾದರದ ಅಂಚನ್ನು ಕಚ್ಚಿ ಹಿಡಿದಳು. ತಾನು ಬಿಕ್ಕಿದ್ದನ್ನು ದಿನವೂ ಕೇಳುತ್ತ ಸುಮ್ಮನಿದ್ದನಲ್ಲ! ನಾಳೆ ಸರ್ ಮುಂದೆ ಹೇಳಿಬಿಟ್ಟರೆ ತಾನೊಬ್ಬಳಾದರೂ ಪಾರಾಗಬಹುದು. ಆದರೆ ದಿನವೂ ಈ ಫೋನಿಗಾಗಿ ಕಾದು ಕೂತವಳು ಯಾರು?

ಸಾಲನ್ನು ಅಳಿಸಿದಳು. ಮೊಸಳೆ ಒಮ್ಮೆಯೂ ಮಿನುಗದೆ ತಣ್ಣಗೆ ತೇಲಿ ಬಂತು.

"ಸರಿ ಆತು."

"ಹಂಗಾರ ಇಡ್ತೇನಿ. ಕ್ಷಮಾ ಕೇಳಾಕೂ ನನಗ ಮಾರಿ ಇಲ್ಲ."

"ಇಟ್ಟು ನೋಡು! ನನ್ನ ಅಳಿಸಿದ್ದಕ್ಕ ಬೈಯೂದು ಬೇಕಾದಷ್ಟು ಐತಿ. ದಿನಾ ಫೋನ್ ಮಾಡಿ ಬೈಬೇಕಾಗತೈತಿ." ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಹುಚ್ಚ, ಬಾಯಿಬಿಟ್ಟು ಒಂದ ಮಾತು ಹೇಳಿದ್ರ ಆಗ್ತಿರಲಿಲ್ಲೇನು?"

"ಈಗ ಹೇಳಲೇನು?"

"ಸಣ್ಣಗ ಹೇಳು. ಇಶ್ರತ ಎದ್ದಾಳು."

ಅವನು ಹೇಳಿದ. ಅವಳು ಕತ್ತಲಲ್ಲೇ ಮುಖ ಮುಚ್ಚಿಕೊಂಡಳು.

ಮರುದಿನ ಗೈಡ್ ಸರ್ ಗೇಮ್ ಆಡಿ ನೋಡಿ ತಲೆದೂಗಿದರು. "ಶಭಾಷ್. ಏನಾಗಿತ್ತು ಇದಕ್ಕ?"

"ಒಂದು ಸಾಲು ಹೆಚ್ಚಾಗಿತ್ರಿ ಸರ್."

"ಯಾರು ಹಾಕಿದ್ದು?"

ಈರೇಶ ಬಿಳಿಚಿಕೊಂಡ. ಒಪ್ಪಿಕೊಳ್ಳಲೆಂದು ಬಾಯಿ ತೆರೆಯುವಷ್ಟರಲ್ಲಿ ಸುನಂದಾ ಅಡ್ಡ ಬಂದಳು. "ಎಲ್ಲಾ ಇಬ್ರೂ ಸೇರೇ ಬರದೇವ್ರಿ ಸರ್."

ಇದಕ್ಕಿಂತ ಒಂದು ಅಕ್ಷರ ಹೆಚ್ಚು, ಇಶ್ರತಳಿಗಾಗಲಿ ಹೆತ್ತ ಅವ್ವನಿಗಾಗಲಿ, ಯಾರಿಗೂ ಎಂದೂ ಹೇಳುವುದಿಲ್ಲವೆಂದು ಅವಳು ಅಲ್ಲೇ ನಿಶ್ಚಯಿಸಿಕೊಂಡಳು.