ಕಟಕಟೆ ಇಳಿಯುವವರೆಗೆ

೨೦೧೮ರ ಮಾರ್ಚ್ ೧೨, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ನ್ಯಾಯಾಲಯದ ಎರಡನೇ ಮಹಡಿಗೆ ಹೋಗುವ ಮೆಟ್ಟಿಲಿನ ತಿರುವಿನಲ್ಲಿ ಡಾಕ್ಟರ್ ಅವಳ ದಾರಿಗೆ ಅಡ್ಡ ನಿಂತ.

“ಇವತ್ತಾದ್ರೂ ಮಾತಾಡ್ತೀರಾ, ಇಲ್ಲ ಇವತ್ತೂ ನಾನು ಗೋಡೆನಾ?”

ವಕೀಲೆ ಕಡತದ ಕಟ್ಟನ್ನು ಎಡತೋಳಿನಿಂದ ಬಲತೋಳಿಗೆ ಬದಲಾಯಿಸಿಕೊಂಡಳು. ರಾತ್ರಿ ಸರಿಯಾಗಿ ನಿದ್ದೆ ಇಲ್ಲದೆ ಕಣ್ಣು ಉರಿಯುತ್ತಿತ್ತು. ಇನ್ನೊಂದು ಗಂಟೆಯೊಳಗೆ ಇದೇ ಮನುಷ್ಯನನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಬೇಕಿತ್ತು. ಶವಪರೀಕ್ಷೆ ಮಾಡಿದವನು ಅವನು. ಕೊಲೆಯ ಆರೋಪಿಯ ಪರ ನಿಂತವಳು ಅವಳು.

“ಗೋಡೆಗಾದ್ರೆ ಒರಗಿಕೊಳ್ಳಬಹುದಿತ್ತು,” ಎಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನ ಕಣ್ಣಿನ ಅಂಚಿನಲ್ಲಿ ನಗು ಮೂಡಿತು. ಕ್ಯಾಂಟೀನಿನ ಕಿಟಕಿಯ ಪಕ್ಕದ ಮೇಜಿನಲ್ಲಿ ಎರಡು ವರ್ಷ ಚಹಾ ಕುಡಿದು ಅವಳಿಗೆ ಆ ನಗುವಿನ ಪರಿಚಯವಿತ್ತು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು, ತುಟಿಗೆ ಬರುವ ಹೊತ್ತಿಗೆ ಅರ್ಧ ಖರ್ಚಾಗಿರುತ್ತಿತ್ತು.

“ಒಂದು ತಿಂಗಳಿಂದ ಚಹಾಕ್ಕೂ ಬರ್ತಿಲ್ಲ. ಏನಾದ್ರೂ ತಪ್ಪು ಮಾಡಿದ್ನಾ ಅಂತ ಕೇಳಬೇಕಿತ್ತು. ಇನ್ನೂ ಒಂದು ಮಾತು ಹೇಳಬೇಕಿತ್ತು. ನಾನು ನಿಮ್ಮನ್ನ…”

“ಬೇಡ.” ಅವಳು ಕಡತವನ್ನು ಎದೆಗೆ ಅವಚಿಕೊಂಡಳು. “ಅದನ್ನ ಈಗ ಹೇಳಬೇಡಿ. ಹೇಳಿಬಿಟ್ರೆ ನಾನು ಈ ಕೇಸು ಬಿಡಬೇಕಾಗತ್ತೆ. ಎರಡು ವರ್ಷದಿಂದ ಜೈಲಲ್ಲಿರೋನು ಹೊಸ ವಕೀಲರಿಗೆ ಮೊದಲಿಂದ ಎಲ್ಲಾ ಹೇಳ್ತಾ ಕೂರಬೇಕಾಗತ್ತೆ.”

“ಹೇಳದೇ ಇದ್ರೆ?”

“ನಿಮ್ಮನ್ನ ಬಿಡಲ್ಲ. ಅಷ್ಟೇ.”

ಅವನು ಪಕ್ಕಕ್ಕೆ ಸರಿದ. ಅವಳು ಮೆಟ್ಟಿಲೇರಿದಳು. ಬೆನ್ನ ಮೇಲೆ ಅವನ ನೋಟ ಕೊನೆಯ ಮೆಟ್ಟಿಲವರೆಗೂ ಇತ್ತು.

ಚಹಾದ ಪರಿಚಯವನ್ನು ಅವಳೇನೂ ಮುಚ್ಚಿಟ್ಟಿರಲಿಲ್ಲ. ಸರ್ಕಾರಿ ವಕೀಲರ ಎದುರಿಗೇ ನ್ಯಾಯಾಧೀಶರಿಗೆ ಹೇಳಿದ್ದಳು. “ಈ ಕಟ್ಟಡದಲ್ಲಿ ಜೊತೆಗೆ ಚಹಾ ಕುಡಿಯದವರು ಯಾರಮ್ಮ ಇದ್ದಾರೆ? ಎಲ್ಲರನ್ನೂ ಹೊರಗೆ ಹಾಕಿದರೆ ನಾನೊಬ್ಬನೇ ಉಳಿಯುತ್ತೇನೆ,” ಎಂದು ಅವರು ನಕ್ಕಿದ್ದರು. ಚಹಾದ ಆಚೆಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಅವರಿಬ್ಬರೂ ಒಬ್ಬರಿಗೊಬ್ಬರು ಏನೂ ಹೇಳಿಕೊಂಡಿರದಿದ್ದರಿಂದ ಉತ್ತರವೂ ಇರಲಿಲ್ಲ.

ಮನೆಯಲ್ಲಿ ಅಕ್ಕ ಮಾತ್ರ ಬಿಡುತ್ತಿರಲಿಲ್ಲ. “ನಲವತ್ತಮೂರಾಯ್ತು ಕಣೇ ನಿಂಗೆ. ಕೊಲೆ ಮಾಡಿದೋರ ಜೊತೆ ಗಂಟೆಗಟ್ಟಲೆ ಮಾತಾಡ್ತೀಯ, ಒಬ್ಬ ಒಳ್ಳೆ ಗಂಡಸಿನ ಜೊತೆ ಮಾತಾಡು ಅಂದ್ರೆ ಬಾಯಿಗೆ ಬೀಗ.”

“ಮಾಡಿದೋರಲ್ಲ ಅಕ್ಕ, ಆರೋಪಿಗಳು.”

“ಹ್ಞೂಂ, ಆ ಡಾಕ್ಟರೂ ಒಂಥರಾ ಆರೋಪಿನೇ. ಅವನದ್ದೂ ಬೇಗ ಇತ್ಯರ್ಥ ಮಾಡು.”

ಅಕ್ಕನಿಗೆ ಗೊತ್ತಿಲ್ಲದ್ದು ಒಂದಿತ್ತು. ಡಾಕ್ಟರ ವರದಿಯಲ್ಲಿ ತಪ್ಪಿತ್ತು. ಅದು ವಕೀಲೆಗೆ ಗೊತ್ತಾಗಿ ತಿಂಗಳಾಗಿತ್ತು.

ಸತ್ತವನು ಒಂದು ಲಾಂಡ್ರಿಯ ಮಾಲೀಕ. ರಜೆಯ ದಿನ ಬಟ್ಟೆ ಒಣಗಿಸುವ ಕೋಣೆಯಲ್ಲಿ ಯಾರೋ ತಲೆಗೆ ಹೊಡೆದು ಕೊಂದಿದ್ದರು. ಆರೋಪಿ ಅಲ್ಲೇ ಇಸ್ತ್ರಿ ಮಾಡುತ್ತಿದ್ದವನು. ಆ ಸಂಜೆ ಏಳೂವರೆಯವರೆಗೆ ಅವನು ಹೆರಿಗೆ ಆಸ್ಪತ್ರೆಯಲ್ಲಿ ಹೆಂಡತಿಯ ಪಕ್ಕದಲ್ಲಿದ್ದ. ಮಗು ಹುಟ್ಟಿದ ಸುದ್ದಿಯನ್ನು ಮಾಲೀಕನಿಗೆ ಹೇಳಲು ಲಾಂಡ್ರಿಗೆ ಓಡಿದ್ದ. ಬಾಗಿಲು ಬಡಿದು, ಯಾರೂ ತೆಗೆಯದೆ ವಾಪಸು ಬಂದಿದ್ದ. ಎಂಟೂವರೆಗೆ ಅವನು ಅಲ್ಲಿಂದ ಹೊರಟದ್ದನ್ನು ಎದುರುಮನೆಯವರು ಕಂಡಿದ್ದರು. ಸಾವು ಸಂಭವಿಸಿದ್ದು ರಾತ್ರಿ ಎಂಟರಿಂದ ಹತ್ತರ ನಡುವೆ ಎಂದು ಡಾಕ್ಟರ ವರದಿ ಹೇಳುತ್ತಿತ್ತು. ಆ ಒಂದು ವಾಕ್ಯವೇ ಅವನ ಕುತ್ತಿಗೆಗೆ ಹಗ್ಗವಾಗಿತ್ತು.

ವಕೀಲೆ ಒಂದು ಸಂಜೆ ಆ ಕೋಣೆಯನ್ನು ನೋಡಲು ಹೋಗಿದ್ದಳು. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಕುಪ್ಪಸ ಬೆನ್ನಿಗಂಟಿತು. ಚಾವಣಿಯಲ್ಲಿ ಬಿಸಿಗಾಳಿಯ ಯಂತ್ರವಿತ್ತು, ಅದಕ್ಕೊಂದು ಟೈಮರ್. ಕೆಲಸವಿರಲಿ, ರಜೆಯಿರಲಿ, ಮಧ್ಯಾಹ್ನ ಮೂರಕ್ಕೆ ಶುರುವಾಗಿ ರಾತ್ರಿ ಹತ್ತಕ್ಕೆ ತಾನೇ ನಿಲ್ಲುತ್ತಿತ್ತು. ಡಾಕ್ಟರ್ ಬಂದದ್ದು ಮರುದಿನ ಬೆಳಗಿನ ಆರಕ್ಕೆ, ಕೋಣೆ ತಣ್ಣಗಾದ ಮೇಲೆ.

ಕ್ಯಾಂಟೀನಿಗೆ ಹೋಗಿ ಒಂದು ಮಾತು ಹೇಳಿದ್ದರೆ ಅವನು ತಾನೇ ತಿದ್ದಿಕೊಳ್ಳುತ್ತಿದ್ದ, ಮಾನ ಉಳಿಯುತ್ತಿತ್ತು. ಆದರೆ ಸರ್ಕಾರಿ ಕಡೆಯವರು ಎಚ್ಚೆತ್ತು ಬೇರೆ ವಿವರಣೆ ಹೆಣೆಯುತ್ತಿದ್ದರು. ಬಿಸಿ ತುಪ್ಪ; ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅವಳು ಕ್ಯಾಂಟೀನಿನ ದಾರಿಯನ್ನೇ ಬಿಟ್ಟಳು.

ಡಾಕ್ಟರ್ ಕಟಕಟೆ ಹತ್ತಿ ಪ್ರಮಾಣ ಮಾಡಿದ. ಸರ್ಕಾರಿ ವಕೀಲರ ಪ್ರಶ್ನೆಗಳು ಮುಗಿದವು. ಅವಳು ಎದ್ದಳು.

“ದೇಹದ ಉಷ್ಣತೆ ಎಷ್ಟಿತ್ತು ಡಾಕ್ಟರ್?”

“ಮೂವತ್ತೊಂದು ಡಿಗ್ರಿ.”

“ಕೋಣೆಯದು?”

“ಇಪ್ಪತ್ನಾಲ್ಕು. ನಾನೇ ಅಳೆದೆ.”

“ಎಷ್ಟು ಸಲ?”

ಅವನು ತಲೆಯೆತ್ತಿದ. ಅವಳು ಅವನ ಕಣ್ಣನ್ನು ನೋಡದೆ ಅಂಗಿಯ ಮೇಲಿನ ಗುಂಡಿಯನ್ನು ನೋಡುತ್ತಿದ್ದಳು.

“ಒಂದು ಸಲ.”

“ರಾತ್ರಿಯಿಡೀ ಅಷ್ಟೇ ಇತ್ತು ಅಂತ ಲೆಕ್ಕ ಹಾಕಿದಿರಿ?”

“ಹೌದು.”

ಅವಳು ಟೈಮರಿನ ಚಿತ್ರವನ್ನೂ ಯಂತ್ರ ಜೋಡಿಸಿದವನ ಪ್ರಮಾಣಪತ್ರವನ್ನೂ ಅವನ ಕೈಗೆ ಕೊಡಿಸಿದಳು. ರಾತ್ರಿ ಹತ್ತರವರೆಗೆ ಆ ಕೋಣೆ ಮೂವತ್ತೆಂಟು ಡಿಗ್ರಿ ಇರುತ್ತಿತ್ತು. ಅವನು ಓದಿದ. ಮತ್ತೆ ಓದಿದ. ಕಿವಿಯ ತುದಿ ಕೆಂಪಾಯಿತು. ಆ ಕಿವಿಯ ಹಿಂದೆ ಒಂದು ನರೆಗೂದಲು ಯಾವಾಗಲೂ ಸೆಟೆದು ನಿಂತಿರುತ್ತಿತ್ತು; ಇವತ್ತೂ ನಿಂತಿತ್ತು. ಅದನ್ನು ಸವರಿ ಕೂರಿಸಬೇಕೆನ್ನಿಸಿ ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

“ಅಷ್ಟು ಬಿಸಿಯಲ್ಲಿ ದೇಹ ತಣ್ಣಗಾಗುತ್ತದೆಯೇ?”

ಇಲ್ಲಿ ಅನುಭವಸ್ಥ ಸಾಕ್ಷಿಗಳು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೋ ಹೇಳಿ ಜಾರಿಕೊಳ್ಳುತ್ತಾರೆ. ಸರ್ಕಾರಿ ವಕೀಲರೂ ಅದನ್ನೇ ನಿರೀಕ್ಷಿಸಿ ಕತ್ತು ಚಾಚಿದ್ದರು.

“ಇಲ್ಲ,” ಎಂದ ಡಾಕ್ಟರ್. “ಹತ್ತು ಗಂಟೆಯವರೆಗೆ ಹೆಚ್ಚುಕಡಿಮೆ ತಣ್ಣಗಾಗೋದೇ ಇಲ್ಲ. ಸಾವು ಸಂಜೆ ನಾಲ್ಕಕ್ಕೋ ಐದಕ್ಕೋ ಆಗಿರಬಹುದು. ನನ್ನ ವರದಿಯ ಸಮಯ ನಿಲ್ಲೋದಿಲ್ಲ.”

ಅವಳ ಟಿಪ್ಪಣಿಯಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು: ಹೀಗೇ ಒಂದೇ ಸಲ ಅಳೆದು ಇನ್ನೆಷ್ಟು ವರದಿ ಬರೆದಿದ್ದೀರಿ? ಅದನ್ನು ಕೇಳಿದರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು. ಇಸ್ತ್ರಿಯವನಿಗೆ ಅದು ಬೇಕಿರಲಿಲ್ಲ, ಬೇಕಾದದ್ದು ಸಿಕ್ಕಾಗಿತ್ತು. ಅದಕ್ಕೇ ಕೇಳುತ್ತಿಲ್ಲವೋ, ಬೇರೆ ಕಾರಣಕ್ಕೋ ಎಂದು ತನ್ನನ್ನೇ ವಿಚಾರಿಸಿಕೊಳ್ಳುವಷ್ಟು ತ್ರಾಣ ಉಳಿದಿರಲಿಲ್ಲ.

“ಇನ್ನೇನಾದರೂ?” ನ್ಯಾಯಾಧೀಶರು ಕೇಳಿದರು.

“ಇಲ್ಲ.”

“ನಾನೊಂದು ಹೇಳಬೇಕು,” ಎಂದ ಡಾಕ್ಟರ್, ಕಟಕಟೆಯ ಕಂಬಿ ಹಿಡಿದು. “ಇದೇ ರೀತಿ ಅಳೆದ ಬೇರೆ ವರದಿಗಳೂ ನನ್ನವು ಇವೆ. ಅವನ್ನೆಲ್ಲ ಮತ್ತೆ ನೋಡಬೇಕು. ಇದು ದಾಖಲಾಗಲಿ.”

ನ್ಯಾಯಾಲಯದಲ್ಲಿ ಗುಸುಗುಸು ಎದ್ದಿತು. ಕಟಕಟೆ ಇಳಿದು, ಅವಳ ಕಡೆ ನೋಡದೆ, ಅವನು ಹೊರಗೆ ನಡೆದ. ಅವಳು ಕೂತಳು. ಗೆದ್ದಾಗ ಬರಬೇಕಾದ ಸಂತೋಷ ಬರಲಿಲ್ಲ. ಕಾಲು ನೋಯುತ್ತಿದೆ ಎಂಬುದಷ್ಟೇ ತಿಳಿಯಿತು.

ಏಪ್ರಿಲ್ ಕೊನೆಯಲ್ಲಿ ಇಸ್ತ್ರಿಯವನ ಬಿಡುಗಡೆಯಾಯಿತು. ಮೇಲ್ಮನವಿ ಹಾಕುವುದಿಲ್ಲವೆಂದು ಸರ್ಕಾರಿ ವಕೀಲರು ಅಲ್ಲೇ ಹೇಳಿದರು. ಮೊಗಸಾಲೆಯಲ್ಲಿ ಅವನ ಹೆಂಡತಿ, “ಮೇಡಂ, ಈಗ್ಲೇ ಕರ್ಕೊಂಡು ಹೋಗಬಹುದಾ? ನಿಜವಾಗ್ಲೂ?” ಎಂದು ಮತ್ತೆ ಮತ್ತೆ ಕೇಳಿದಳು. ಎರಡು ವರ್ಷದ ಮಗು ಅಪ್ಪನನ್ನು ಕಂಡು ಅಮ್ಮನ ಸೀರೆಯ ಹಿಂದೆ ಅಡಗಿತು. ಅವನು ನೆಲದ ಮೇಲೆ ಕೂತು, ಅದು ಇಣುಕುವವರೆಗೆ ಕಾದ.

ಅವರೆಲ್ಲ ಹೋದ ಮೇಲೆ ವಕೀಲೆ ಬೆಂಚಿನ ಮೇಲೆ ಕುಸಿದು ಕಣ್ಣು ಮುಚ್ಚಿದಳು. ಪಕ್ಕದಲ್ಲಿ ಯಾರೋ ಕೂತರು.

“ಒರಗಿಕೊಳ್ಳಿ. ಗೋಡೆ ಬಂದಿದೆ.”

ಅವಳು ಕಣ್ಣು ತೆರೆಯಲಿಲ್ಲ, ಒರಗಲೂ ಇಲ್ಲ. “ನಿಮ್ಮ ವಿಚಾರಣೆ ಎಲ್ಲಿಗೆ ಬಂತು?”

“ಹಳೇ ವರದಿಗಳನ್ನೆಲ್ಲ ತೆಗೆದು ನೋಡ್ತಿದ್ದಾರೆ. ಅಲ್ಲಿವರೆಗೆ ಶವಾಗಾರದ ಕೆಲಸ ಇಲ್ಲ, ಪಾಠ ಮಾಡು ಅಂದಿದ್ದಾರೆ. ಹುಡುಗರು ಚೆನ್ನಾಗಿ ನಿದ್ದೆ ಮಾಡ್ತಾರೆ.”

“ನನ್ನ ಮೇಲೆ ಕೋಪ ಇದೆಯಾ?”

“ಇತ್ತು. ಸುಮಾರು ಎರಡು ವಾರ. ಒಬ್ಬನೇ ಕೂತು ಚಹಾ ಕುಡಿಯೋಕೆ ಬೇಜಾರಾಗಿ ಬಿಟ್ಟುಬಿಟ್ಟೆ.” ಆಮೇಲೆ ಕೇಳಿದ, “ನಿಮ್ಮ ಹತ್ರ ಇನ್ನೊಂದು ಪ್ರಶ್ನೆ ಇತ್ತು. ಹಾಳೆ ತಿರುವೋಕೆ ಹೋಗಿ ನಿಲ್ಲಿಸಿದ್ರಿ. ಯಾಕೆ ಕೇಳಲಿಲ್ಲ?”

“ಕೇಸಿಗೆ ಬೇಕಿರಲಿಲ್ಲ.”

“ಅಷ್ಟೇನಾ? ಹೌದು ಅಥವಾ ಇಲ್ಲ ಅಂತ ಉತ್ತರಿಸಿ.”

“ಪಾಟೀಸವಾಲು ಕಲಿತುಬಿಟ್ರಾ?”

“ಒಳ್ಳೇ ಗುರುಗಳು ಸಿಕ್ಕಿದ್ರು.”

ಅವಳು ಕಣ್ಣು ತೆರೆದಳು. ಎಡಗಣ್ಣು ನಗುತ್ತಿತ್ತು, ಬಲಗಣ್ಣು ಇನ್ನೂ ಕಾಯುತ್ತಿತ್ತು.

“ಇಲ್ಲ,” ಎಂದಳು. “ಅಷ್ಟೇ ಅಲ್ಲ.”

ಕಸ ಗುಡಿಸುವವಳು ಬಂದು, “ಕಾಲೆತ್ತಿ ಸಾರ್, ಕಾಲೆತ್ತಮ್ಮ,” ಎಂದಳು. ಇಬ್ಬರೂ ಶಾಲೆಯ ಮಕ್ಕಳ ಹಾಗೆ ಕಾಲೆತ್ತಿದರು.

“ಮೆಟ್ಟಿಲ ಮೇಲೆ ತಡೆದ್ರಲ್ಲ ಆ ಮಾತು,” ಎಂದ. “ಎಷ್ಟು ಚೆನ್ನಾಗಿ ಜೋಡಿಸಿಕೊಂಡಿದ್ದೆ. ಈಗ ಮರೆತೇಹೋಗಿದೆ. ಅರ್ಥ ಮಾತ್ರ ನೆನಪಿದೆ.”

“ಅರ್ಥಾನೇ ಹೇಳಿ.”

“ನೀವು ಸುಸ್ತಾಗಿ ಬಂದಾಗ ಮನೇಲಿ ನಾನಿರಬೇಕು.”

“ನಾನು ದಿನಾ ಸುಸ್ತಾಗೇ ಬರೋದು.”

“ಹಾಗಾದ್ರೆ ದಿನಾ ಇರ್ತೀನಿ.”

ಅವಳು ಅವನ ಕಿವಿಯ ಹಿಂದಿನ ಆ ನರೆಗೂದಲನ್ನು ಬೆರಳಿಂದ ಸವರಿದಳು. ಅದು ಮತ್ತೆ ಎದ್ದು ನಿಂತಿತು. “ಮನೇಲಿ ಅಕ್ಕ ಇದ್ದಾಳೆ,” ಎಂದಳು. “ಅವಳ ಪಾಟೀಸವಾಲು ನನ್ನದಕ್ಕಿಂತ ಕಷ್ಟ. ತಡ್ಕೋತೀರಾ?”

“ತಪ್ಪು ಒಪ್ಪಿಕೊಳ್ಳೋದು ಅಭ್ಯಾಸ ಆಗಿದೆ.”

ಹೊರಗೆ ಬಿಸಿಲು ಇಳಿದಿತ್ತು. ಅವನು ಅವಳ ಚೀಲ ತೆಗೆದುಕೊಂಡು, “ಟ್ಯಾಕ್ಸಿ ಕರೀಲಾ? ಕಾಲು ಎಳೆದು ಹಾಕ್ತಿದ್ದೀರಿ,” ಎಂದ.

“ಬೇಡ. ಟ್ಯಾಕ್ಸಿಯಲ್ಲಾದ್ರೆ ಮನೆ ಬೇಗ ಬಂದುಬಿಡತ್ತೆ.”

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಖಾಲಿಯಾದ ಕೈಯನ್ನು ಅವಳ ಕಡೆಗೆ ಇಟ್ಟುಕೊಂಡ. ಅವಳು ಅದನ್ನು ಹಿಡಿದುಕೊಂಡಳು. ನ್ಯಾಯಾಲಯದ ಗೇಟಿನಿಂದ ಅವಳ ಮನೆ ಎರಡು ಕಿಲೋಮೀಟರ್ ನಾನೂರು ಮೀಟರ್.